ಡ್ರಂಕ್ ಅಂಡ್ ಡ್ರೈವ್ ತಪಾಸಣೆಯಲ್ಲಿ ನಿಲ್ಲಿಸಿದರೆ: ಬ್ಯಾರಿಕೇಡ್‌ನಿಂದ ಕೋರ್ಟ್‌ವರೆಗೆ ನಿಮಗಿರುವ ಹಕ್ಕುಗಳು

ಒಂದು ಶನಿವಾರ ರಾತ್ರಿ. ನಾನು ಒಂದು ಹನಿಯೂ ಕುಡಿದಿರಲಿಲ್ಲ. ಹಲ್ಲುನೋವಿಗೆ ಅಂತ ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಿ, ಸ್ಕೂಟರ್ ಹತ್ತಿದ್ದೆ. ಐದು ನಿಮಿಷ ಹೋಗಿರಲಿಲ್ಲ, ಬ್ಯಾರಿಕೇಡ್. ಊದಿದೆ. ಯಂತ್ರ 41 ತೋರಿಸಿತು.

ನನ್ನ ಪಕ್ಕದಲ್ಲಿ ಇನ್ನೊಬ್ಬ ಹುಡುಗ ಆಗಲೇ ಜೋರಾಗಿ ಕೂಗಾಡುತ್ತಿದ್ದ. "ನಾನು ಯಾರು ಗೊತ್ತಾ?" ಅನ್ನುವ ಹಂತಕ್ಕೆ ಬಂದಿದ್ದ. ನಾನು ಸುಮ್ನೆ ಇಷ್ಟೇ ಹೇಳಿದೆ: "ಸರ್, ಈಗಷ್ಟೇ ಮೌತ್‌ವಾಶ್ ಹಾಕಿದ್ದೆ. ಬಾಯಿ ತೊಳೆದು ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಲ ಊದಲಾ?" ಪಿಎಸ್‌ಐ ಒಮ್ಮೆ ಮುಖ ನೋಡಿದರು. ಫುಟ್‌ಪಾತ್ ಮೇಲೆ ಕೂರಿಸಿದರು. ಎರಡನೇ ಸಲ ಯಂತ್ರ ಸೊನ್ನೆ ತೋರಿಸಿತು. "ಹೋಗಿ" ಅಂದರು.

ಹದಿನೈದು ನಿಮಿಷದ ಈ ಲೆಕ್ಕ ಗೊತ್ತಿಲ್ಲದಿದ್ದರೆ ಆ ರಾತ್ರಿ ನನ್ನ ಮೇಲೆ ಕೇಸ್ ಆಗುತ್ತಿತ್ತು. ಹಾಗಾಗಿ ಗೊತ್ತಿರುವುದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕುಡಿದು ಓಡಿಸಿ ತಪ್ಪಿಸಿಕೊಳ್ಳುವ ದಾರಿ ಅಲ್ಲ. ಊದುವುದಿಲ್ಲ ಅಂತ ಹಟ ಹಿಡಿಯುವವರು ಹೆಚ್ಚಾಗಿ ಸೋಲುತ್ತಾರೆ. ಊದಿ, ಅಂಕಿ ನೋಡಿ, ಕಾಗದ ಕೇಳಿ ಪಡೆಯುವವರ ಕೈಯಲ್ಲಿ ಕೊನೆಗೆ ಏನಾದರೂ ಉಳಿಯುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185ರ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಅಪರಾಧ. 30ಕ್ಕಿಂತ ಹೆಚ್ಚು ಅನ್ನುವುದನ್ನು ಗಮನಿಸಿ. 12 ಬಂದರೆ, 20 ಬಂದರೆ ಈ ಸೆಕ್ಷನ್ ಅಡಿ ಆಲ್ಕೋಹಾಲ್ ಕೇಸ್ ಇಲ್ಲ. ಡ್ರಗ್ಸ್‌ಗೆ ಅಂಕಿಯ ಮಿತಿ ಇಲ್ಲ. ವಾಹನದ ಮೇಲೆ ಸರಿಯಾದ ಹಿಡಿತ ಇಡಲಾಗದಷ್ಟು ಅಮಲಿನಲ್ಲಿದ್ದರೆ ಸಾಕು.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಶಿಕ್ಷೆ ಹೀಗಿದೆ: ಮೊದಲ ಸಲ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಸ್ಕೂಟರ್, ಬೈಕ್, ಆಟೋ, ಕಾರು, ಲಾರಿ, ಎಲ್ಲಕ್ಕೂ ಇದೇ ನಿಯಮ. "ಟೂ ವ್ಹೀಲರ್‌ಗೆ ಅಷ್ಟು ಕಟ್ಟುನಿಟ್ಟಿಲ್ಲ" ಅನ್ನುವುದು ಬರೀ ಮಾತು.

ಹಿಂದೆ ಕೂತವರು ಕುಡಿದಿದ್ದರೆ ಈ ಸೆಕ್ಷನ್ ಅವರಿಗೆ ಅನ್ವಯ ಆಗುವುದಿಲ್ಲ. ಆದರೆ ಕುಡಿದವನಿಗೆ ಕುಮ್ಮಕ್ಕು ಕೊಟ್ಟು ಓಡಿಸಲು ಬಿಟ್ಟವರಿಗೆ ಸೆಕ್ಷನ್ 188 ಇದೆ, ಶಿಕ್ಷೆಯೂ ಅಷ್ಟೇ. ಗೆಳೆಯನ ಕೈಗೆ ಕೀ ಕೊಡುವ ಮುಂಚೆ ಇದು ನೆನಪಿರಲಿ. ಇನ್ನು ಗುಜರಾತ್, ಬಿಹಾರದಂಥ ಪಾನನಿಷೇಧ ಇರುವ ರಾಜ್ಯಗಳ ಕಥೆಯೇ ಬೇರೆ. ಅಲ್ಲಿ ಕುಡಿಯುವುದೇ ತಪ್ಪು, ಓಡಿಸುವ ಮಾತು ಆಮೇಲೆ.

ಹಂತ 1: ಕೈ ತೋರಿಸಿದ ಕೂಡಲೇ ನಿಲ್ಲಿಸಿ

ಬ್ಯಾರಿಕೇಡ್ ಕಂಡು ಯೂ ಟರ್ನ್ ಹೊಡೆಯುವುದು, ಒನ್‌ವೇಗೆ ನುಗ್ಗುವುದು, ಗಾಡಿ ಬಿಟ್ಟು ಓಡುವುದು ಬೇಡ. ಇಷ್ಟಾದರೆ ಅನುಮಾನಕ್ಕೆ ಕಾರಣ ನೀವೇ ಕೊಟ್ಟ ಹಾಗಾಯಿತು. ಎಡಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಾರಾದರೆ ಒಳಗಿನ ಲೈಟ್ ಹಾಕಿ, ಗಾಜು ಇಳಿಸಿ.

ಡಿಎಲ್, ಆರ್‌ಸಿ ಕೇಳಿದರೆ ತೋರಿಸಬೇಕು, ಸೆಕ್ಷನ್ 130 ಹಾಗೇ ಹೇಳುತ್ತದೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ಆಯಿತು. 2018ರಲ್ಲೇ ಕೇಂದ್ರದ ನಿಯಮ ಇದನ್ನು ಒಪ್ಪಿದೆ. ಆದರೆ ಗ್ಯಾಲರಿಯಲ್ಲಿರುವ ಫೋಟೋ ಲೆಕ್ಕಕ್ಕೆ ಬರುವುದಿಲ್ಲ, ಆ್ಯಪ್‌ನಲ್ಲೇ ತೆರೆದು ತೋರಿಸಬೇಕು.

ಹಂತ 2: ಎದುರಿಗಿರುವವರು ಯಾರು ನೋಡಿ

ಸೆಕ್ಷನ್ 203ರ ಪ್ರಕಾರ ಊದಲು ಹೇಳುವ ಅಧಿಕಾರ ಇರುವುದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಥವಾ ಸಾರಿಗೆ ಇಲಾಖೆ ಅಧಿಕಾರ ಕೊಟ್ಟ ಅಧಿಕಾರಿಗೆ. ಮಫ್ತಿಯಲ್ಲಿ ಬಂದು "ಊದಪ್ಪಾ" ಅಂದರೆ, ಸಮವಸ್ತ್ರದಲ್ಲಿರುವ ಅಧಿಕಾರಿ ಎಲ್ಲಿ ಅಂತ ವಿನಯದಿಂದ ಕೇಳಬಹುದು. ಹೆಸರಿನ ಪಟ್ಟಿ ಎದೆ ಮೇಲೆ ಇರುತ್ತದೆ. ಓದಿಕೊಳ್ಳಿ. ಫೋನ್‌ನಲ್ಲಿ ಹೆಸರು, ಠಾಣೆ, ಜಾಗ, ಸಮಯ ಬರೆದುಕೊಳ್ಳಿ. ಜಗಳ ಮಾಡುವುದಕ್ಕಲ್ಲ, ಮುಂದೆ ವಕೀಲರು ಮೊದಲು ಕೇಳುವುದೇ ಇದನ್ನು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಯ್ದೆಯ ಮಾತಿನ ಪ್ರಕಾರ, ಚಾಲಕ ಕುಡಿದಿದ್ದಾನೆ ಅಂತ ಅನುಮಾನ ಪಡಲು ತಕ್ಕ ಕಾರಣ ಇದ್ದಾಗ ಊದಲು ಹೇಳಬಹುದು. ರಸ್ತೆಯಲ್ಲಿ ಆಗುವುದು ಮಾತ್ರ ಬೇರೆ. ವೀಕೆಂಡ್ ರಾತ್ರಿ ಸಾಲಾಗಿ ಎಲ್ಲರ ಕೈಲೂ ಊದಿಸುತ್ತಾರೆ. "ನನ್ನ ಮೇಲೆ ನಿಮಗೇನು ಅನುಮಾನ?" ಅಂತ ಅಲ್ಲೇ ವಾದಕ್ಕೆ ಇಳಿಯುವುದು ವ್ಯರ್ಥ ಅಂತ ನನ್ನ ಅಭಿಪ್ರಾಯ. ಆ ವಾದಕ್ಕೆ ಜಾಗ ಕೋರ್ಟ್. ರಾತ್ರಿ ಹನ್ನೊಂದು ಗಂಟೆಗೆ, ಹಿಂದೆ ಇಪ್ಪತ್ತು ಗಾಡಿ ಹಾರ್ನ್ ಹೊಡೆಯುತ್ತಿರುವಾಗ ಅಲ್ಲ.

ವಿಡಿಯೋ ಮಾಡಬಹುದಾ? ಸಾರ್ವಜನಿಕ ಜಾಗದಲ್ಲಿ ಪೊಲೀಸರ ಕೆಲಸವನ್ನು ಚಿತ್ರೀಕರಿಸಬಾರದು ಅಂತ ಮೋಟಾರು ವಾಹನ ಕಾಯ್ದೆ ಎಲ್ಲೂ ಹೇಳಿಲ್ಲ. ಸ್ವಲ್ಪ ದೂರ ನಿಂತು, ಅಡ್ಡಿ ಮಾಡದೆ ಮಾಡಿ. ಮುಖಕ್ಕೆ ಫೋನ್ ಹಿಡಿದು ತಳ್ಳಾಟಕ್ಕೆ ಇಳಿದರೆ ಕಥೆ ಬದಲಾಗುತ್ತದೆ. ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 221, ಕೈ ಮಾಡಿದರೆ ಸೆಕ್ಷನ್ 132. ಕುಡಿದ ಕೇಸಿಗಿಂತ ಇದು ಜಾಸ್ತಿ ಕಾಡುತ್ತದೆ.

ಹಂತ 3: ಊದುವ ಆ ಎರಡು ನಿಮಿಷ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಯಂತ್ರವನ್ನು ಹತ್ತಿರದಿಂದ ನೋಡಿ. ಆಲ್ಕೋಮೀಟರ್ ಅಂತ ಕರೆಯುವ ಈ ಯಂತ್ರ ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಮೇಲೆ ಒಂದು ಪ್ಲಾಸ್ಟಿಕ್ ಕೊಳವೆ ಸಿಗಿಸುತ್ತಾರೆ. ನೀವು ಊದುವುದು ಅದಕ್ಕೆ.

ಹೊಸ ಕೊಳವೆ ಕೇಳಿ. ನಿಮ್ಮ ಮುಂದಿನವನು ಊದಿದ್ದನ್ನೇ ನಿಮ್ಮ ಬಾಯಿಗೆ ಹಿಡಿದರೆ, "ಸರ್, ಹೊಸದು ಹಾಕಿ" ಅನ್ನಿ. ಶುಚಿತ್ವದ ಪ್ರಶ್ನೆ ಒಂದು ಕಡೆ ಇರಲಿ, ಹಳೇ ಕೊಳವೆಯಲ್ಲಿ ಬೇರೆಯವರ ಉಸಿರಿನ ತೇವ ಉಳಿದಿರುತ್ತದೆ. ಊದುವ ಮುಂಚೆ ಪರದೆ ಸೊನ್ನೆ ತೋರಿಸುತ್ತಿದೆಯಾ ಅಂತಲೂ ನೋಡಿ. ಸೊನ್ನೆ ಇಲ್ಲದಿದ್ದರೆ ಅಲ್ಲೇ ಹೇಳಿ. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಬಾಯಲ್ಲಿ ಉಳಿದ ಆಲ್ಕೋಹಾಲ್ ಬೇರೆ, ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಬರುವ ಆಲ್ಕೋಹಾಲ್ ಬೇರೆ. ಯಂತ್ರ ಅಳೆಯಬೇಕಾದ್ದು ಎರಡನೆಯದನ್ನು. ಉಸಿರಿನಲ್ಲಿ ಸಿಕ್ಕಿದ್ದನ್ನು ಸಾಮಾನ್ಯವಾಗಿ 2100 ಪಟ್ಟು ಲೆಕ್ಕ ಹಾಕಿ ರಕ್ತದ ಅಂಕಿ ತೋರಿಸುತ್ತದೆ. ಹಾಗಾಗಿ ಬಾಯಲ್ಲಿ ಇರುವ ಚೂರು ಆಲ್ಕೋಹಾಲ್ ಕೂಡ ಅಂಕಿಯನ್ನು ಎಲ್ಲಿಗೋ ಒಯ್ಯುತ್ತದೆ. ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್, ಹೋಮಿಯೋಪತಿ ಹನಿ, ಆಯುರ್ವೇದದ ಅರಿಷ್ಟ, ಆಸವ, ಇವೆಲ್ಲದರಲ್ಲೂ ಆಲ್ಕೋಹಾಲ್ ಇರಬಹುದು. ಬಾಯಿಯ ಆಲ್ಕೋಹಾಲ್ ಸುಮಾರು ಹದಿನೈದು ನಿಮಿಷದಲ್ಲಿ ಹಾರಿಹೋಗುತ್ತದೆ. ಕುಡಿದದ್ದು ಹಾರಿಹೋಗುವುದಿಲ್ಲ. ಆದ್ದರಿಂದ ಔಷಧಿ ತಗೊಂಡಿದ್ದರೆ ಊದುವ ಮುಂಚೆಯೇ ಹೇಳಿ, ನೀರು ಕೇಳಿ ಬಾಯಿ ತೊಳೆಯಿರಿ, ಕಾಯುತ್ತೇನೆ ಅನ್ನಿ. ಒಂದಕ್ಕಿಂತ ಹೆಚ್ಚು ಸಲ ಉಸಿರು ಪಡೆಯಲು ಸೆಕ್ಷನ್ 203 ಜಾಗ ಕೊಟ್ಟಿದೆ. ಆದ್ದರಿಂದ "ಒಂದೇ ಸಲ ಅಷ್ಟೇ" ಅನ್ನುವ ನಿಯಮ ಇಲ್ಲ.

ಲವಂಗ, ಏಲಕ್ಕಿ, ಪಾನ್, ಕಾಫಿ ಯಾವುದೂ ನಡೆಯುವುದಿಲ್ಲ. ಅವು ವಾಸನೆ ಮುಚ್ಚುತ್ತವೆ, ಅಂಕಿ ಮುಚ್ಚುವುದಿಲ್ಲ.

ಊದಿದ ಮೇಲೆ ಪರದೆಯ ಅಂಕಿ ನೀವೇ ನೋಡಿ. ಪ್ರಿಂಟ್ ಬರುವ ಯಂತ್ರವಾದರೆ ಚೀಟಿಯಲ್ಲಿ ದಿನಾಂಕ, ಸಮಯ, ಯಂತ್ರದ ನಂಬರ್, ಅಂಕಿ ಇದೆಯಾ ನೋಡಿ, ಪ್ರತಿ ಕೇಳಿ. ಚೀಟಿ ಕೈಗೆ ಬಂದ ಕೂಡಲೇ ಫೋಟೋ ತೆಗೆಯಿರಿ. ಇಂಥ ಚೀಟಿ ಸಾಮಾನ್ಯವಾಗಿ ಬಸ್ ಟಿಕೆಟ್ ತರಹದ ಥರ್ಮಲ್ ಕಾಗದದಲ್ಲಿ ಬರುತ್ತದೆ. ಪರ್ಸ್‌ನಲ್ಲಿ ಇಟ್ಟು ಕೋರ್ಟ್ ದಿನಾಂಕಕ್ಕೆ ತೆಗೆದರೆ ಬಿಳಿ ಹಾಳೆ ಮಾತ್ರ ಸಿಗುತ್ತದೆ.

ಊದುವುದಿಲ್ಲ ಅಂದರೆ?

ಇದನ್ನು ಎಲ್ಲರೂ ಕೇಳುತ್ತಾರೆ. ಉತ್ತರ ಕೇಳಿ ಬೇಜಾರಾಗುತ್ತದೆ. ಕುಡಿದಿರುವ ಅನುಮಾನಕ್ಕೆ ಕಾರಣ ಇದ್ದು ನೀವು ಊದದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಠಾಣೆಗೆ ಕರೆದುಕೊಂಡು ಹೋಗಿ ರಕ್ತದ ಮಾದರಿ ಕೊಡಲು ಹೇಳಬಹುದು. ಸೆಕ್ಷನ್ 205ರ ಪ್ರಕಾರ, ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದ್ದನ್ನೇ ಕೋರ್ಟ್ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಅಂತ ಪರಿಗಣಿಸಬಹುದು.

"ನನ್ನ ವಿರುದ್ಧ ನಾನೇ ಸಾಕ್ಷಿ ಆಗಬೇಕಿಲ್ಲ, ಸಂವಿಧಾನದಲ್ಲೇ ಇದೆ" ಅಂತ ಕೆಲವರು ವಾದ ಮಾಡುತ್ತಾರೆ. 20(3)ನೇ ವಿಧಿ ಇರುವುದು ನಿಜ. ಆದರೆ 1961ರಲ್ಲೇ ಸುಪ್ರೀಂ ಕೋರ್ಟ್ ಕಾಥಿ ಕಾಲು ಒಘಡ್ ಪ್ರಕರಣದಲ್ಲಿ ಬೆರಳಚ್ಚು, ಕೈಬರಹದ ಮಾದರಿಯಂಥವು ಈ ರಕ್ಷಣೆಯೊಳಗೆ ಬರುವುದಿಲ್ಲ ಅಂದಿದೆ. ಉಸಿರು, ರಕ್ತದ ಮಾದರಿಗೂ ಇದೇ ತರ್ಕ. ಮಾತಿನ ವಿಷಯ ಬೇರೆ. "ಎಷ್ಟು ಪೆಗ್ ಹಾಕಿದೆ? ಎಲ್ಲಿ ಕುಡಿದೆ? ಯಾರ ಜೊತೆ?" ಅಂತ ಕೇಳಿದರೆ ಉತ್ತರ ಕೊಡದೆ ಇರಬಹುದು. ಹೆಸರು, ವಿಳಾಸ ಹೇಳಿ, ಉಳಿದದ್ದಕ್ಕೆ "ವಕೀಲರ ಜೊತೆ ಮಾತಾಡಿ ಹೇಳ್ತೀನಿ ಸರ್" ಅನ್ನಿ. "ಒಂದೇ ಒಂದು ಬಿಯರ್ ಸರ್" ಅನ್ನುವುದು ಸಹಾಯ ಮಾಡುತ್ತದೆ ಅಂದುಕೊಳ್ಳಬೇಡಿ. ಅದು ತಪ್ಪೊಪ್ಪಿಗೆಯ ಹಾಗೆ ಕೇಳುತ್ತದೆ, ಅಲ್ವಾ?

ಅಸ್ತಮಾದಂಥ ಕಾಯಿಲೆ ಇದ್ದು ಜೋರಾಗಿ ಊದಲು ಆಗದಿದ್ದರೆ ಅದನ್ನು ಅಲ್ಲೇ ಹೇಳಿ, ಇನ್‌ಹೇಲರ್ ಅಥವಾ ವೈದ್ಯರ ಚೀಟಿ ತೋರಿಸಿ. ಅದು ಸರಿಯಾದ ಕಾರಣ. ಬದಲಿಗೆ ರಕ್ತ ಪರೀಕ್ಷೆಗೆ ಒಪ್ಪಿ.

ಹಂತ 4: 30 ದಾಟಿದರೆ

ಈಗ ಹೆದರಿಕೆ ಶುರುವಾಗುತ್ತದೆ. ಮೊದಲು ತಿಳಿಯಬೇಕಾದ್ದು: ಈ ಅಪರಾಧಕ್ಕೆ ಸ್ಪಾಟ್ ಫೈನ್ ಇಲ್ಲ. ಸೆಕ್ಷನ್ 200ರಲ್ಲಿ ಸ್ಥಳದಲ್ಲೇ ರಾಜಿ ಮಾಡಬಹುದಾದ ಅಪರಾಧಗಳ ಪಟ್ಟಿ ಇದೆ. ಅದರಲ್ಲಿ 185 ಇಲ್ಲ. ಅಂದರೆ ರಸ್ತೆ ಮೇಲೆ ನಿಮ್ಮಿಂದ 10,000 ತಗೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಇದು ಕೋರ್ಟ್‌ಗೇ ಹೋಗಬೇಕು. ಯಾರಾದರೂ "ಇಲ್ಲೇ ಮುಗಿಸಿಬಿಡೋಣ" ಅಂದರೆ ಅದು ಲಂಚ. ಕೊಡುವುದೂ ಅಪರಾಧ. ಬಲವಂತದಿಂದ ಕೊಡಬೇಕಾಗಿ ಬಂದಿದ್ದರೆ 7 ದಿನದೊಳಗೆ ದೂರು ಕೊಟ್ಟವರಿಗೆ 2018ರ ಭ್ರಷ್ಟಾಚಾರ ತಡೆ ತಿದ್ದುಪಡಿ ರಕ್ಷಣೆ ಕೊಡುತ್ತದೆ. ಕರ್ನಾಟಕದಲ್ಲಿ ಲೋಕಾಯುಕ್ತಕ್ಕೆ ದೂರು ಕೊಡಬಹುದು.

ಡಿಎಲ್ ತಗೊಳ್ಳುತ್ತಾರೆ. 2019ರ ತಿದ್ದುಪಡಿಯ ನಂತರ ಸೆಕ್ಷನ್ 206(4) ಅಡಿ ಇದಕ್ಕೆ ಅಧಿಕಾರ ಇದೆ. ಆದರೆ ತಗೊಂಡಿದ್ದಕ್ಕೆ ತಾತ್ಕಾಲಿಕ ರಶೀದಿ ಕೊಡಲೇಬೇಕು. ಕೇಳಿ ಪಡೆಯಿರಿ. ಮೋಸ ಹೋಗಬೇಡಿ, ಆ ರಶೀದಿ ಇಟ್ಟುಕೊಂಡು ಗಾಡಿ ಓಡಿಸುವ ಹಾಗಿಲ್ಲ. ಡಿಎಲ್ ವಾಪಸ್ ಬರುವವರೆಗೂ ಇಲ್ಲ.

ಗಾಡಿ ವಿಷಯದಲ್ಲಿ ತಕರಾರು ಜಾಸ್ತಿ. ಕುಡಿದವರ ಕೈಗೆ ಗಾಡಿ ಮತ್ತೆ ಕೊಡುವುದಿಲ್ಲ, ಅದು ಸರಿ. ಆದರೆ ಜೊತೆಯಲ್ಲಿ ಕುಡಿಯದ, ಡಿಎಲ್ ಇರುವ ಒಬ್ಬರಿದ್ದರೆ? 2021ರಲ್ಲಿ ತೆಲಂಗಾಣ ಹೈಕೋರ್ಟ್, ಅಂಥವರ ಕೈಗೆ ಗಾಡಿ ಕೊಡಬೇಕು, ಯಾರೂ ಇಲ್ಲದಿದ್ದರೆ ಮನೆಯವರನ್ನೋ ಸ್ನೇಹಿತರನ್ನೋ ಕರೆಸಬೇಕು, ಕುಡಿದದ್ದಕ್ಕಾಗಿ ಮಾತ್ರ ಗಾಡಿ ಜಪ್ತಿ ಮಾಡಿಟ್ಟುಕೊಳ್ಳುವಂತಿಲ್ಲ ಅಂದಿತು. ಆ ಆದೇಶ ಕರ್ನಾಟಕದ ಪೊಲೀಸರನ್ನು ಕಟ್ಟಿಹಾಕುವುದಿಲ್ಲ. ಆದರೂ ಕೇಳಲು ಒಂದು ಆಧಾರ. "ಸರ್, ಇವರು ಕುಡಿದಿಲ್ಲ, ಇವರನ್ನೂ ಊದಿಸಿ ನೋಡಿ, ಗಾಡಿ ಇವರು ತಗೊಂಡು ಹೋಗ್ತಾರೆ" ಅನ್ನಿ. ಒಪ್ಪದಿದ್ದರೆ ಹಟ ಬೇಡ. ಗಾಡಿ ತಗೊಂಡಿದ್ದಕ್ಕೆ ಬರವಣಿಗೆಯಲ್ಲಿ ಕಾಗದ ಕೇಳಿ. ಬಿಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ, ಓಡೋಮೀಟರ್ ಫೋಟೋ, ಪೆಟ್ರೋಲ್ ಮುಳ್ಳಿನ ಫೋಟೋ ತೆಗೆಯಿರಿ. ಡಿಕ್ಕಿಯಲ್ಲಿರುವ ಲ್ಯಾಪ್‌ಟಾಪ್, ಕಾಗದಪತ್ರ ಎತ್ತಿಕೊಳ್ಳಿ.

ಹಂತ 5: ಬಂಧಿಸಿದರೆ

ಸಾಮಾನ್ಯವಾಗಿ ನೋಟಿಸ್ ಕೊಟ್ಟು ಆಟೋ ಹತ್ತಿಸಿ ಕಳಿಸುತ್ತಾರೆ. ಬಂಧಿಸಿದರೆ ಈ ಕೆಳಗಿನವು ಬೇಡಿಕೊಳ್ಳುವ ಸೌಲಭ್ಯಗಳಲ್ಲ, ಹಕ್ಕುಗಳು.

ಯಾಕೆ ಬಂಧಿಸಿದ್ದಾರೆ ಅಂತ ಹೇಳಬೇಕು. ಸಂವಿಧಾನದ 22ನೇ ವಿಧಿಯೂ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 47 ಕೂಡ ಇದನ್ನೇ ಹೇಳುತ್ತವೆ. ಮನೆಯವರಿಗೋ ಸ್ನೇಹಿತರಿಗೋ ವಿಷಯ ತಿಳಿಸಬೇಕು. ವಕೀಲರನ್ನು ನೋಡಲು ಬಿಡಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಆದರೆ ಅಲ್ಲಿಯವರೆಗೆ ಹೋಗಬೇಕಿಲ್ಲ, ಯಾಕೆಂದರೆ ಸೆಕ್ಷನ್ 185 ಜಾಮೀನು ಕೊಡಲೇಬೇಕಾದ ಅಪರಾಧ. ಜಾಮೀನು ಕೇಳಿ, ಠಾಣೆಯಲ್ಲೇ ಸಿಗಬೇಕು.

ಠಾಣೆಯಲ್ಲಿ ಇನ್ನೊಮ್ಮೆ ಊದಲು ನಿಮಗೆ ಅವಕಾಶ ಕೊಡಬೇಕು. ಇದು ಸೆಕ್ಷನ್ 203(4). ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅಂಕಿ 31, 33 ಹೀಗೆ ಅಂಚಿನಲ್ಲಿದ್ದವರಿಗೆ ಇದು ತುಂಬಾ ಮುಖ್ಯ.

ಗಡಿಯಾರ ನೋಡಿಕೊಳ್ಳಿ. ಸೆಕ್ಷನ್ 202ರ ಅಡಿ 185ಕ್ಕಾಗಿ ಬಂಧಿಸಿದವರನ್ನು 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಇಲ್ಲದಿದ್ದರೆ ಬಿಡಬೇಕು. ಹಾಗಾಗಿ ಬಂಧನದ ಸಮಯ ಕಾಗದದಲ್ಲಿ ಸರಿಯಾಗಿ ನಮೂದಾಗಿದೆಯಾ ನೋಡಿಯೇ ಸಹಿ ಮಾಡಿ. ಖಾಲಿ ಹಾಳೆಗೆ, ಅರ್ಧ ತುಂಬಿದ ಫಾರಂಗೆ ಸಹಿ ಬೇಡ. ಓದದೆ ಸಹಿ ಮಾಡುವ ಹಾಗಿದ್ದರೆ ಪಕ್ಕದಲ್ಲಿ "ಓದಿಲ್ಲ" ಅಂತ ಬರೆಯಿರಿ.

ರಕ್ತ ತೆಗೆಯುವಾಗ ಒಂದು ಚಿಕ್ಕ ವಿಷಯ. ಸೂಜಿ ಚುಚ್ಚುವ ಮುಂಚೆ ನರ್ಸ್ ಸ್ಪಿರಿಟ್ ಹತ್ತಿಯಲ್ಲಿ ಒರೆಸುವುದು ರೂಢಿ. ಸ್ಪಿರಿಟ್ ಅಂದರೂ ಆಲ್ಕೋಹಾಲೇ. ಅದರ ಬದಲು ಬೇರೆ ಏನಾದರೂ ಹಚ್ಚಲು ಹೇಳಿ. ತೆಗೆದ ಸಮಯ ಬರೆಸಿ. ಬಾಟಲಿ ನಿಮ್ಮ ಎದುರಿಗೇ ಸೀಲ್ ಆಗಲಿ.

ಮಹಿಳೆಯರಿಗೆ ಹೆಚ್ಚಿನ ರಕ್ಷಣೆ ಇದೆ. ಪೊಲೀಸರು ಕರೆತಂದ ವೈದ್ಯರು ಪುರುಷರಾಗಿದ್ದರೆ, ಇನ್ನೊಬ್ಬ ಮಹಿಳೆ ಎದುರಿಗೆ ಇದ್ದಾಗ ಮಾತ್ರ ರಕ್ತ ತೆಗೆಯಬಹುದು. ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಬಂಧಿಸಬೇಕು. ಮೈ ತಪಾಸಣೆ ಮಹಿಳೆಯೇ ಮಾಡಬೇಕು.

ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಸಿಗುತ್ತದೆ.

ಹಂತ 6: ಕೋರ್ಟ್

"ಹೋಗಿ ದಂಡ ಕಟ್ಟಿ ಬಂದೆ" ಅನ್ನುವ ಮಾತು ಕೇಳಿರುತ್ತೀರಿ. ಸಿಗ್ನಲ್ ಜಂಪ್ ಚಲನ್ ಹಾಗೆ ಅದು ಅಷ್ಟು ಹಗುರ ಅಲ್ಲ. ತಪ್ಪು ಒಪ್ಪಿಕೊಂಡರೆ ಅದು ಕ್ರಿಮಿನಲ್ ಕೋರ್ಟ್‌ನಲ್ಲಿ ಸಾಬೀತಾದ ಅಪರಾಧ. ಕೆಲಸದ ಅರ್ಜಿಯಲ್ಲಿ "ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯೇ" ಅಂತ ಕೇಳಿದರೆ ಉತ್ತರ "ಹೌದು" ಆಗುತ್ತದೆ. ಸೆಕ್ಷನ್ 20(2)ರ ಪ್ರಕಾರ ಕನಿಷ್ಠ 6 ತಿಂಗಳು ಚಾಲನೆಗೆ ಅನರ್ಹ ಅಂತ ಕೋರ್ಟ್ ಆದೇಶ ಮಾಡಬೇಕು. ಮುಂದಿನ ಸಲ ಸಿಕ್ಕಿಬಿದ್ದರೆ ಅದು ಎರಡನೇ ಅಪರಾಧ.

ನಿಜವಾಗಲೂ ಕುಡಿದಿದ್ದು ಅಂಕಿ 140 ಬಂದಿದ್ದರೆ, ಕೇಸ್ ಎಳೆದಾಡುವುದರಲ್ಲಿ ನನಗೇನೂ ಅರ್ಥ ಕಾಣುವುದಿಲ್ಲ. ಒಪ್ಪಿಕೊಳ್ಳಿ. ಅಂಕಿ ಅಂಚಿನಲ್ಲಿದ್ದರೆ, ಔಷಧಿ ಕಾರಣ ಇದ್ದರೆ, ಕಾಗದದಲ್ಲಿ ತಪ್ಪಿದ್ದರೆ ಮೊದಲು ವಕೀಲರಿಗೆ ತೋರಿಸಿ. ಅವರು ನೋಡುವುದು ಇವನ್ನು: ಯಂತ್ರ ಕೇಂದ್ರ ಸರ್ಕಾರ ಒಪ್ಪಿದ ಮಾದರಿಯದಾ, ಕ್ಯಾಲಿಬ್ರೇಷನ್ (ಯಂತ್ರ ಸರಿಯಾಗಿ ಅಳೆಯುತ್ತಿದೆಯಾ ಅನ್ನುವ ಪರೀಕ್ಷೆ) ಯಾವಾಗ ಆಗಿತ್ತು, ಚೀಟಿಯಲ್ಲಿರುವ ಯಂತ್ರದ ನಂಬರ್ ಮತ್ತು ದಾಖಲೆಯ ನಂಬರ್ ಒಂದೇನಾ, ನಿಲ್ಲಿಸಿದ ಸಮಯಕ್ಕೂ ಊದಿದ ಸಮಯಕ್ಕೂ ಎಷ್ಟು ಅಂತರ. ಆ ರಾತ್ರಿ ನೀವು ತೆಗೆದ ಫೋಟೋ, ಬರೆದುಕೊಂಡ ಸಮಯ, ಮೆಡಿಕಲ್ ಶಾಪ್ ಬಿಲ್, ಎಲ್ಲ ಈಗ ಕೆಲಸಕ್ಕೆ ಬರುತ್ತವೆ. ಸಮನ್ಸ್ ಬಂದ ದಿನ ಹೋಗದೆ ಇರಬೇಡಿ. ವಾರಂಟ್ ಆಗುತ್ತದೆ.

ಇನ್ನೊಂದು, ಬೆಳಗಿನ ಲೆಕ್ಕ. ದೇಹ ಗಂಟೆಗೆ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಮಿಲಿಗ್ರಾಂ ಅಂದಾಜಿನಲ್ಲಿ ಆಲ್ಕೋಹಾಲ್ ಇಳಿಸುತ್ತದೆ. ಮಧ್ಯರಾತ್ರಿ 150 ಇದ್ದವರಿಗೆ ಬೆಳಿಗ್ಗೆ ಎಂಟಕ್ಕೆ ಇನ್ನೂ 30ರ ಆಸುಪಾಸು. ಮಲಗಿ ಎದ್ದು, ಸ್ನಾನ ಮಾಡಿ, ಆಫೀಸಿಗೆ ಹೊರಟವರು ಸಿಕ್ಕಿಬೀಳುವುದು ಹೀಗೇ. ಅಪಘಾತ ಆದರಂತೂ ವಿಮೆಯವರು ಕೈ ಎತ್ತಬಹುದು. ಸ್ವಂತ ಗಾಡಿಯ ನಷ್ಟದ ವಿಷಯದಲ್ಲಿ, ಊದಿಸಿದ ಅಂಕಿ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿದದ್ದನ್ನು ತೋರಿಸಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ವಿಮಾ ಪ್ರಕರಣದಲ್ಲಿ ಹೇಳಿದೆ.

ಹಂತ 7: ಗಾಡಿ ಬಿಡಿಸಿಕೊಳ್ಳುವ ದಿನ

ಆರ್‌ಸಿ, ವಿಮೆ, ಗುರುತಿನ ಚೀಟಿ, ಕೋರ್ಟ್ ರಶೀದಿ ಅಥವಾ ಬಿಡುಗಡೆ ಆದೇಶ, ಎಲ್ಲದರ ಎರಡೆರಡು ಜೆರಾಕ್ಸ್ ತಗೊಂಡು ಹೋಗಿ. ಡಿಎಲ್ ಅಮಾನತಾಗಿದ್ದರೆ ಓಡಿಸಲು ಒಬ್ಬರನ್ನು ಕರೆದುಕೊಂಡು ಹೋಗಿ. ಠಾಣೆ ಗೇಟ್‌ನಿಂದ ನೀವೇ ಓಡಿಸಿಕೊಂಡು ಹೊರಬಂದರೆ ಮತ್ತೊಂದು ಕೇಸ್. ಸಹಿ ಮಾಡುವ ಮುಂಚೆ ಗಾಡಿ ಸುತ್ತ ಒಂದು ಸುತ್ತು ಬನ್ನಿ. ಮಿರರ್, ಸ್ಟೆಪ್ನಿ, ಬ್ಯಾಟರಿ ನೋಡಿ. ಆ ರಾತ್ರಿ ತೆಗೆದ ಓಡೋಮೀಟರ್ ಫೋಟೋ ತೆರೆದು ಪಕ್ಕಕ್ಕೆ ಹಿಡಿದು ನೋಡಿ. ಏನಾದರೂ ಕಡಿಮೆ ಇದ್ದರೆ, ಗಾಡಿ ಪಡೆದ ಕಾಗದದಲ್ಲೇ ಅದನ್ನು ಬರೆದು, ಆಮೇಲೆ ಸಹಿ ಮಾಡಿ.